ಅರ್ಧ ಫೀಸು ಮಾಫಿಯೋ, ಮೇಲಿನ ರ‍್ಯಾಂಕೋ: ಎಂಬಿಎ ಸೀಟಿಗೆ ದುಡ್ಡು ಕಟ್ಟುವ ಮುಂಚೆ ಮಾಡಬೇಕಾದ ಲೆಕ್ಕ

ಮೇ ತಿಂಗಳ ಒಂದು ಭಾನುವಾರ ಅಕ್ಕನ ಮಗ ಮುಂಬೈ ಪಕ್ಕದ ಡೊಂಬಿವ್ಲಿಯ ನಮ್ಮ ಮನೆಗೆ ಬಂದ. ಕೈಯಲ್ಲಿ ಎರಡು ಪ್ರಿಂಟ್‌ಔಟ್. ಒಂದು ಮುಂಬೈನ ಬಿಸಿನೆಸ್ ಸ್ಕೂಲಿನದು. ರ‍್ಯಾಂಕ್ ಪಟ್ಟಿಯಲ್ಲಿ ಸಾಕಷ್ಟು ಮೇಲಿದೆ, ಆದರೆ ಒಂದು ರೂಪಾಯಿ ರಿಯಾಯಿತಿ ಇಲ್ಲ. ಇನ್ನೊಂದು ಪುಣೆಯದು. ಪಟ್ಟಿಯಲ್ಲಿ ಹದಿನೈದಿಪ್ಪತ್ತು ಸ್ಥಾನ ಕೆಳಗೆ, ಆದರೆ ಅರ್ಧ ಫೀಸು ಮಾಫಿ. ಡೆಪಾಸಿಟ್ ಕಟ್ಟಲು ಉಳಿದದ್ದು ಒಂಬತ್ತು ದಿನ.

"ಚಿಕ್ಕಮ್ಮ, ಅಪ್ಪ ಪುಣೆ ಅಂತಾರೆ. ಫ್ರೆಂಡ್ಸ್ ಎಲ್ಲ ಮುಂಬೈ ಬಿಟ್ಟರೆ ನಿನ್ನಂಥ ಹುಚ್ಚ ಇಲ್ಲ ಅಂತಾರೆ. ನೀನೇ ಹೇಳು."

ನಾನು ಹೇಳಲಿಲ್ಲ. ಹಾಲಿನ ಲೆಕ್ಕ ಬರೆಯುವ ನೋಟ್‌ಬುಕ್ ತಂದು ಹಿಂದಿನ ಹಾಳೆ ತೆಗೆದೆ. ಆ ಒಂಬತ್ತು ದಿನ ನಾವು ಏನೇನು ಮಾಡಿದೆವೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮುಂಬೈ, ಪುಣೆ, ಗೋವಾದ ನಮ್ಮ ಕನ್ನಡದ ಮನೆಗಳಲ್ಲಿ ಪ್ರತಿ ವರ್ಷ ಏಪ್ರಿಲ್, ಮೇನಲ್ಲಿ ಇದೇ ಮಾತು ನಡೆಯುತ್ತದೆ, ಅಲ್ವಾ?

ಮೊದಲ ಹೆಜ್ಜೆ: ಸ್ಕಾಲರ್‌ಶಿಪ್ ಪತ್ರವನ್ನು ಸಾಲದ ಪತ್ರದಂತೆ ಓದಿ

ನನ್ನ ಕಥೆಯಿಂದಲೇ ಶುರು ಮಾಡುತ್ತೇನೆ. ನಾನು ಓದಿದ್ದು ಪುಣೆಯಲ್ಲಿ, ಅರ್ಧ ಫೀಸಿನ ಸ್ಕಾಲರ್‌ಶಿಪ್ ಮೇಲೆ. ಕಾಲೇಜಿನ ಹೆಸರು ಬೇಡ. ಪತ್ರ ಬಂದ ದಿನ ಅಪ್ಪ ಅಕ್ಕಪಕ್ಕದ ಮನೆಗಳಿಗೆಲ್ಲ ಪೇಡಾ ಹಂಚಿದರು. ಎರಡನೇ ಪುಟದಲ್ಲಿ ಒಂದು ಸಾಲಿತ್ತು: ಎರಡನೇ ವರ್ಷವೂ ಸ್ಕಾಲರ್‌ಶಿಪ್ ಬೇಕಿದ್ದರೆ ಬ್ಯಾಚಿನ ಮೊದಲ ಕಾಲು ಭಾಗದಲ್ಲಿ ಇರಬೇಕು. ಕಾಲು ಭಾಗ ತಾನೇ, ಡಿಗ್ರಿಯಲ್ಲಿ ನಾನು ಯಾವಾಗಲೂ ಮೊದಲ ಐದರಲ್ಲಿ ಇದ್ದವಳು ಅಂದುಕೊಂಡೆ. ನಮ್ಮ ಬ್ಯಾಚಿನಲ್ಲಿ 120 ಜನ. ಮೊದಲ ಮೂವತ್ತರಲ್ಲಿ ಬರಬೇಕಿತ್ತು. ನಾನು ಬಂದದ್ದು 34ನೆಯವಳಾಗಿ. ಎರಡನೇ ವರ್ಷದ ಪೂರ್ತಿ ಫೀಸು ಕಟ್ಟಲು ಅಪ್ಪ ಎಫ್‌ಡಿ ಮುರಿದರು. ಅವರು ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋವಾಗಿದ್ದು.

ತಪ್ಪು ಎಲ್ಲಿತ್ತು ಅಂದರೆ, ಬಿಸಿನೆಸ್ ಸ್ಕೂಲುಗಳಲ್ಲಿ ಬಹಳ ಕಡೆ ಅಂಕ ಕೊಡುವುದೇ ಪಕ್ಕದವರಿಗೆ ಹೋಲಿಸಿ. ನೀವು 80 ತೆಗೆದರೂ ಮಿಕ್ಕವರೆಲ್ಲ 85 ತೆಗೆದರೆ ನಿಮ್ಮ ಗ್ರೇಡ್ ಕೆಳಗೆ. ಅಲ್ಲಿ ಕೂತವರೆಲ್ಲ ಅವರವರ ಕಾಲೇಜಿನ ಮೊದಲ ಐದರವರೇ. ಹಾಗಾಗಿ "ಸಿಜಿಪಿಎ ಇಷ್ಟು ಇರಬೇಕು" (ಸಿಜಿಪಿಎ ಅಂದರೆ ಎಲ್ಲ ವಿಷಯಗಳ ಗ್ರೇಡಿನ ಸರಾಸರಿ) ಎನ್ನುವ ಷರತ್ತು ಬೇರೆ, "ಬ್ಯಾಚಿನಲ್ಲಿ ಇಷ್ಟನೆಯವರೊಳಗೆ ಇರಬೇಕು" ಎನ್ನುವುದು ಬೇರೆ. ಮೊದಲನೆಯದು ಹೆಚ್ಚುಕಮ್ಮಿ ನಿಮ್ಮ ಕೈಯಲ್ಲಿದೆ. ಎರಡನೆಯದು ಪಕ್ಕದ ಬೆಂಚಿನವರ ಕೈಯಲ್ಲಿ.

ಪತ್ರದಲ್ಲಿ ಇನ್ನೂ ನೋಡಬೇಕಾದ್ದಿದೆ. ರಿಯಾಯಿತಿ ಒಂದೇ ವರ್ಷಕ್ಕೋ ಎರಡೂ ವರ್ಷಕ್ಕೋ? ಟ್ಯೂಷನ್ ಫೀಸಿಗೆ ಮಾತ್ರವೋ, ಹಾಸ್ಟೆಲ್, ಲೈಬ್ರರಿ, "ಅಭಿವೃದ್ಧಿ ಶುಲ್ಕ" ಇವೆಲ್ಲ ಸೇರಿ? ಕೆಲವು ಕಡೆ ಟ್ಯೂಷನ್ ಎಂದು ತೋರಿಸುವ ಮೊತ್ತವೇ ಚಿಕ್ಕದಿರುತ್ತದೆ, ಮಿಕ್ಕದ್ದೆಲ್ಲ ಬೇರೆ ಹೆಸರಿನಲ್ಲಿ ಬರುತ್ತದೆ. ಆಗ "ಅರ್ಧ ಫೀಸು" ಅಂದರೆ ನಿಜದಲ್ಲಿ ಮೂರನೇ ಒಂದು ಭಾಗವೂ ಆಗದಿರಬಹುದು. ಮೊದಲೇ ಕಳೆದು ಬಿಲ್ ಕೊಡುತ್ತಾರೋ, ಪೂರ್ತಿ ಕಟ್ಟಿಸಿಕೊಂಡು ವರ್ಷದ ಕೊನೆಗೆ ವಾಪಸ್ ಕೊಡುತ್ತಾರೋ? ವಾಪಸ್ ಕೊಡುವುದಾದರೆ ಸಾಲ ಪೂರ್ತಿ ಮೊತ್ತಕ್ಕೇ ತೆಗೆಯಬೇಕು, ಬಡ್ಡಿಯೂ ಅಷ್ಟಕ್ಕೇ. ಬೇರೆ ಸ್ಕಾಲರ್‌ಶಿಪ್ ಸಿಕ್ಕರೆ ಇದು ನಿಂತುಹೋಗುತ್ತದೆಯೋ? ಮಧ್ಯೆ ಬಿಟ್ಟರೆ ಕೊಟ್ಟದ್ದನ್ನು ಹಿಂದೆ ಕೇಳುತ್ತಾರೋ?

ಇದೆಲ್ಲ ಆದಮೇಲೆ ಅಡ್ಮಿಷನ್ ಆಫೀಸಿಗೆ ಒಂದೇ ಒಂದು ಪ್ರಶ್ನೆಯನ್ನು ಇಮೇಲ್‌ನಲ್ಲಿ ಕೇಳಿ: ಹೋದ ವರ್ಷ ಈ ಸ್ಕಾಲರ್‌ಶಿಪ್ ಎಷ್ಟು ಜನರಿಗೆ ಕೊಟ್ಟಿರಿ, ಅವರಲ್ಲಿ ಎಷ್ಟು ಜನರಿಗೆ ಎರಡನೇ ವರ್ಷವೂ ಮುಂದುವರಿಯಿತು? ಉತ್ತರದಲ್ಲಿ ಸಂಖ್ಯೆ ಬಂದರೆ ಒಳ್ಳೆಯದು. ಸಂಖ್ಯೆಯ ಬದಲು ಕಾಲೇಜಿನ ಇತಿಹಾಸ ಬಂದರೆ ಅರ್ಥ ಮಾಡಿಕೊಳ್ಳಿ. ಫೋನಿನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ.

ಎರಡನೇ ಹೆಜ್ಜೆ: ಲಕ್ಷಗಳನ್ನು ತಿಂಗಳ ಕಂತಿಗೆ ಇಳಿಸಿ

22 ಲಕ್ಷ, 8 ಲಕ್ಷ ಎಂಬ ಅಂಕಿ ಇಪ್ಪತ್ತಮೂರು ವಯಸ್ಸಿನವರ ತಲೆಗೆ ಹೋಗುವುದಿಲ್ಲ. ನಮಗೂ ಹೋಗುವುದಿಲ್ಲ ಬಿಡಿ. ತಿಂಗಳಿಗೆ ಎಷ್ಟು ಅಂದರೆ ತಕ್ಷಣ ಹೋಗುತ್ತದೆ.

ನಮ್ಮ ಹುಡುಗನ ಲೆಕ್ಕವನ್ನು ಸ್ವಲ್ಪ ದುಂಡು ಮಾಡಿ ಹೇಳುತ್ತೇನೆ. ಮುಂಬೈಗೆ ಫೀಸು 22 ಲಕ್ಷ, ಹಾಸ್ಟೆಲ್, ಊಟ, ಲ್ಯಾಪ್‌ಟಾಪ್, ಓಡಾಟ 4 ಲಕ್ಷ, ಒಟ್ಟು 26. ಮನೆಯಿಂದ 4 ಲಕ್ಷ ಹಾಕಿದರೆ ಸಾಲ 22 ಲಕ್ಷ. ಪುಣೆಗೆ ಫೀಸು 16 ಲಕ್ಷದಲ್ಲಿ ಅರ್ಧ ಮಾಫಿಯಾಗಿ 8, ಮಿಕ್ಕ ಖರ್ಚು 3, ಒಟ್ಟು 11. ಅದೇ 4 ಲಕ್ಷ ಕಳೆದರೆ ಸಾಲ 7 ಲಕ್ಷ.

ಇನ್ನು ಬಡ್ಡಿ. ಹತ್ತು ಪರ್ಸೆಂಟ್ ಹಿಡಿಯೋಣ. ಓದುವಾಗ ಕಂತು ಕಟ್ಟಬೇಕಿಲ್ಲ ಅಂತ ಎಲ್ಲರೂ ಖುಷಿಯಾಗಿರುತ್ತಾರೆ. ಸಾಮಾನ್ಯವಾಗಿ ಕೋರ್ಸ್ ಮುಗಿದ ಮೇಲೂ ಒಂದು ವರ್ಷದವರೆಗೆ ಬ್ಯಾಂಕ್ ಬಿಡುವು ಕೊಡುತ್ತದೆ. ಆದರೆ ರಿಕ್ಷಾ ಸಿಗ್ನಲ್‌ನಲ್ಲಿ ನಿಂತಿದ್ದರೂ ಮೀಟರ್ ಓಡುತ್ತಿರುತ್ತದಲ್ಲ, ಹಾಗೆ ಬಡ್ಡಿ ಓಡುತ್ತಿರುತ್ತದೆ. ಪ್ರತಿ ವರ್ಷದ ಶುರುವಿನಲ್ಲಿ ಅರ್ಧರ್ಧ ಸಾಲ ತೆಗೆದು, ಕೋರ್ಸ್ ಮುಗಿದು ಆರು ತಿಂಗಳಿಗೆ ಕಂತು ಶುರುವಾದರೆ, 22 ಲಕ್ಷ ಅಷ್ಟು ಹೊತ್ತಿಗೆ 26 ಲಕ್ಷ 40 ಸಾವಿರ ಆಗಿರುತ್ತದೆ. ಇದು ಸರಳ ಬಡ್ಡಿಯಲ್ಲಿ. ಪುಣೆಯ 7 ಲಕ್ಷದ ಸಾಲ 8 ಲಕ್ಷ 40 ಸಾವಿರ ಆಗಿರುತ್ತದೆ.

ಏಳು ವರ್ಷದಲ್ಲಿ ತೀರಿಸಲು ಮುಂಬೈ ಸಾಲಕ್ಕೆ ತಿಂಗಳಿಗೆ ಸುಮಾರು 43,800 ರೂಪಾಯಿ. ಪುಣೆ ಸಾಲಕ್ಕೆ ಸುಮಾರು 13,950. ಮೂರನೇ ಸಾಲನ್ನೂ ಬರೆಯಿರಿ, ಇದನ್ನು ಯಾರೂ ಬರೆಯುವುದಿಲ್ಲ: ಎರಡನೇ ವರ್ಷ ಸ್ಕಾಲರ್‌ಶಿಪ್ ಕೈತಪ್ಪಿದರೆ? 4 ಲಕ್ಷ ಹೆಚ್ಚು ಸಾಲ, ಕಂತು 21,600ರ ಹತ್ತಿರ. ಈ ಮೂರನೇ ಕಂತನ್ನೂ ಕಟ್ಟಬಲ್ಲಿರಾದರೆ ಮಾತ್ರ ಸ್ಕಾಲರ್‌ಶಿಪ್ ಸೀಟು ನಿಮಗೆ ಅಗ್ಗ.

"ಹತ್ತು ವರ್ಷಕ್ಕೆ ಮಾಡಿದರೆ ಕಂತು ಕಡಿಮೆ ಆಗುತ್ತಲ್ಲ" ಎಂದ ಹುಡುಗ. ಆಗುತ್ತದೆ, ಮುಂಬೈ ಸಾಲದ ಕಂತು 34,900ಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಮದುವೆ, ಮನೆ, ಅಪ್ಪನ ಬೈಪಾಸ್ ಎಲ್ಲ ಬಂದಿರುತ್ತದೆ ಎಂದೆ. ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು.

ಈಗ ಎರಡು ಕಂತುಗಳ ವ್ಯತ್ಯಾಸ ನೋಡಿ. ತಿಂಗಳಿಗೆ ಸುಮಾರು 30 ಸಾವಿರ, ವರ್ಷಕ್ಕೆ 3 ಲಕ್ಷ 60 ಸಾವಿರ. ಇದು ಕೈಗೆ ಬಂದ ಸಂಬಳದಿಂದ ಹೋಗುವ ದುಡ್ಡು. ತೆರಿಗೆ, ಪಿಎಫ್ ಎಲ್ಲ ಸೇರಿಸಿ ಪ್ಯಾಕೇಜಿನ ಭಾಷೆಗೆ ತಂದರೆ ಸುಮಾರು ನಾಲ್ಕೂವರೆ ಲಕ್ಷ. ಅಂದರೆ ಮುಂಬೈ ಕಾಲೇಜು ಪುಣೆಯದಕ್ಕಿಂತ ವರ್ಷಕ್ಕೆ ನಾಲ್ಕೂವರೆ ಲಕ್ಷ ಹೆಚ್ಚಿನ ಕೆಲಸ ಕೊಡಿಸಿದರೆ ಆ ಏಳು ವರ್ಷ ಎರಡೂ ಸಮ. ಅದಕ್ಕಿಂತ ಹೆಚ್ಚು ಕೊಡಿಸಿದರೆ ರ‍್ಯಾಂಕ್ ಗೆದ್ದಿತು. ಏಳು ವರ್ಷದ ನಂತರ ಸಾಲ ಇರುವುದಿಲ್ಲ, ಕಾಲೇಜಿನ ಹೆಸರು ಉಳಿದಿರುತ್ತದೆ ಎನ್ನುವುದೂ ನಿಜ. ಆದರೆ ನಾನು ಆಫೀಸಿನಲ್ಲಿ ಜನರನ್ನು ತೆಗೆದುಕೊಳ್ಳುವಾಗ ನೋಡಿದ ಮಟ್ಟಿಗೆ, ಐದಾರು ವರ್ಷ ಕೆಲಸ ಮಾಡಿದವರನ್ನು "ಈ ಹಿಂದೆ ಏನು ಮಾಡಿದ್ದೀರಿ" ಎಂದೇ ಕೇಳುತ್ತೇವೆ. ಕಾಲೇಜು ಬಯೋಡೇಟಾದ ಕೊನೆಯ ಸಾಲಿಗೆ ಹೋಗಿರುತ್ತದೆ. ತೀರಾ ಮೇಲಿನ ನಾಲ್ಕೈದು ಹೆಸರುಗಳ ಮಾತು ಬೇರೆ.

ಸಾಲದ ಬಡ್ಡಿಗೆ ಎಂಟು ವರ್ಷ ತೆರಿಗೆ ವಿನಾಯಿತಿ ಇದೆ, 80ಇ ಅಂತ ಎಲ್ಲರೂ ಕರೆಯುವುದು. ಅದು ಹಳೆ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿದ್ದು ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೂರನೇ ಹೆಜ್ಜೆ: ರ‍್ಯಾಂಕ್ ಯಾವುದನ್ನು ಅಳೆದಿದೆ ನೋಡಿ

ನಮ್ಮಲ್ಲಿ ಎಲ್ಲರೂ ಹೇಳುವ ಎನ್‌ಐಆರ್‌ಎಫ್ ಅಂದರೆ ಕೇಂದ್ರ ಸರ್ಕಾರ ಮಾಡುವ ಕಾಲೇಜುಗಳ ರ‍್ಯಾಂಕ್ ಪಟ್ಟಿ. 2015ರಲ್ಲಿ ಶುರು, ಮೊದಲ ಪಟ್ಟಿ 2016ರಲ್ಲಿ ಬಂತು. ಅದರಲ್ಲಿ ಮ್ಯಾನೇಜ್‌ಮೆಂಟ್ ಕಾಲೇಜುಗಳಿಗೆ ಅಂಕ ಹೀಗೆ: ಬೋಧನೆ ಮತ್ತು ಸೌಕರ್ಯಕ್ಕೆ 30, ಸಂಶೋಧನೆಗೆ 30, ಓದಿ ಹೊರಬಂದವರ ಸ್ಥಿತಿಗೆ 20, ಎಲ್ಲ ವರ್ಗ, ಎಲ್ಲ ಪ್ರದೇಶದವರನ್ನು ಸೇರಿಸಿಕೊಂಡದ್ದಕ್ಕೆ 10, ಜನರ ಅಭಿಪ್ರಾಯಕ್ಕೆ 10.

ಎರಡು ವರ್ಷ ಓದಿ ಕೆಲಸಕ್ಕೆ ಹೋಗುವವರಿಗೆ ಪ್ರೊಫೆಸರುಗಳು ಎಷ್ಟು ಪ್ರಬಂಧ ಬರೆದರು ಎನ್ನುವುದರಿಂದ ನೇರವಾಗಿ ಏನು ಸಿಗುತ್ತದೆ? ಒಳ್ಳೆಯ ಪಾಠ ಸಿಗಬಹುದು. ಕೆಲಸ ಸಿಗುತ್ತದೆ ಎನ್ನಲಾಗದು. ನೂರರಲ್ಲಿ ಮೂವತ್ತು ಅಂಕ ಅದಕ್ಕೇ ಇದೆ. ಹಾಗಾಗಿ 20ನೇ ಸ್ಥಾನ, 35ನೇ ಸ್ಥಾನ ಎಂಬ ಅಂತರವನ್ನು ನೋಡಿ ಗಾಬರಿಯಾಗಬೇಡಿ. ಎನ್‌ಐಆರ್‌ಎಫ್ ಪುಟದಲ್ಲಿ ಪ್ರತಿ ಕಾಲೇಜು ಕೊಟ್ಟ ದಾಖಲೆ ಸಿಗುತ್ತದೆ. ಅದರಲ್ಲಿ ಮೂರು ವರ್ಷ ಎಷ್ಟು ಜನ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಮಧ್ಯದವರ ಸಂಬಳ (ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವವರದು) ಎಷ್ಟು ಎಂದು ಬರೆದಿರುತ್ತದೆ. ರ‍್ಯಾಂಕ್ ಬಿಟ್ಟು ಆ ಮೂರು ಸಾಲು ಬರೆದುಕೊಳ್ಳಿ. ನಮಗೆ ಈ ಹಾಳೆ ಇಡೀ ವಾರದಲ್ಲಿ ಜಾಸ್ತಿ ಉಪಯೋಗಕ್ಕೆ ಬಂತು.

ವಿದೇಶದ ಕೆಲವು ಪತ್ರಿಕೆಗಳ ಪಟ್ಟಿಯಲ್ಲಿ ಸಂಬಳ ಮತ್ತು ಸಂಬಳದ ಏರಿಕೆಗೇ ದೊಡ್ಡ ಪಾಲು ಇರುತ್ತದೆ. ಒಂದೇ ಕಾಲೇಜು ಒಂದು ಪಟ್ಟಿಯಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಬರುವುದು ಅದಕ್ಕೇ.

ನಾಲ್ಕನೇ ಹೆಜ್ಜೆ: ನಿಮಗೆ ಬೇಕಾದ ಬಾಗಿಲು ಅಲ್ಲಿ ನಿಜವಾಗಿ ಇದೆಯೇ?

ನನ್ನ ಮಟ್ಟಿಗೆ ಇಡೀ ತೀರ್ಮಾನ ನಿಂತಿರುವುದು ಇಲ್ಲಿ. ಮೇಲಿನ ರ‍್ಯಾಂಕಿಗೆ ದುಡ್ಡು ಕೊಡುವುದು ಒಂದೇ ಕಾರಣಕ್ಕೆ ಸರಿ: ಕೆಳಗಿನ ಕಾಲೇಜಿನಲ್ಲಿ ಇಲ್ಲದ ಬಾಗಿಲು ಅಲ್ಲಿ ತೆರೆಯಬೇಕು.

ಕೆಲವು ಬಾಗಿಲು ನಿಜಕ್ಕೂ ಹಾಗೇ ಇವೆ. ದೊಡ್ಡ ಕನ್ಸಲ್ಟಿಂಗ್ ಕಂಪನಿಗಳು, ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳು ಹೊಸಬರನ್ನು ಆರಿಸಲು ಕೆಲವೇ ಕ್ಯಾಂಪಸ್‌ಗೆ ಹೋಗುತ್ತವೆ. ನಿಮಗೆ ಅದೇ ಬೇಕಿದ್ದು, ಎರಡು ಆಫರ್‌ಗಳಲ್ಲಿ ಒಂದು ಕಾಲೇಜಿಗೆ ಮಾತ್ರ ಅವರು ಬರುತ್ತಾರೆ ಎಂದಾದರೆ ಸಾಲ ಮಾಡಿ. ನಾನೇ ಜಾಮೀನು ನಿಲ್ಲುತ್ತೇನೆ ಎಂದು ಹುಡುಗನಿಗೆ ಹೇಳಿದ್ದೆ. ಬ್ಯಾಂಕಿನ ಸೇಲ್ಸ್, ಐಟಿ, ಎಚ್‌ಆರ್, ಸಪ್ಲೈ ಚೈನ್ ಇಂಥ ಕೆಲಸಗಳಿಗೆ ಕಂಪನಿಗಳು ಹತ್ತಾರು ಕ್ಯಾಂಪಸ್ ಸುತ್ತುತ್ತವೆ. ಅಲ್ಲಿ ಹದಿನೈದು ರ‍್ಯಾಂಕಿನ ವ್ಯತ್ಯಾಸಕ್ಕೆ ಹದಿನೈದು ಲಕ್ಷ ಹೆಚ್ಚು ಸಾಲ ನನಗೆ ದುಬಾರಿ ಅನ್ನಿಸುತ್ತದೆ.

ನಮ್ಮ ಹುಡುಗನಿಗೆ ಬೇಕಿದ್ದದ್ದು ಸೋಪು, ಬಿಸ್ಕೆಟ್, ಟೂತ್‌ಪೇಸ್ಟ್ ಮಾಡುವ ದೊಡ್ಡ ಕಂಪನಿಯಲ್ಲಿ ಮಾರ್ಕೆಟಿಂಗ್. ಮುಂಬೈ ಕಾಲೇಜಿನ ಬ್ರೋಷರಿನಲ್ಲಿ ಅಂಥ ಏಳೆಂಟು ಕಂಪನಿಗಳ ಲೋಗೋ ಸಾಲಾಗಿ ಇದ್ದವು. ದೂರದ ಬೆಟ್ಟ ನುಣ್ಣಗೆ. ಆ ಪುಟದ ಮೇಲೆ "ನಮ್ಮಲ್ಲಿಗೆ ಬಂದ ಕಂಪನಿಗಳು" ಅಂತಿತ್ತು. ಯಾವ ವರ್ಷ ಅಂತ ಇರಲಿಲ್ಲ.

ಪ್ಲೇಸ್‌ಮೆಂಟ್ ವರದಿ ಓದುವಾಗ ನಾವು ಹುಡುಕಿದ್ದು ಇವು. ಸರಾಸರಿ ಸಂಬಳ ಬೇಡ, ಮಧ್ಯದ ಸಂಬಳ ಬೇಕು. ಹತ್ತು ಜನರಲ್ಲಿ ಒಬ್ಬನಿಗೆ ಒಂದು ಕೋಟಿ ಸಿಕ್ಕಿ ಮಿಕ್ಕ ಒಂಬತ್ತು ಜನರಿಗೆ ಹತ್ತು ಲಕ್ಷ ಸಿಕ್ಕರೆ ಸರಾಸರಿ 19 ಲಕ್ಷ. ಆದರೆ 19 ಲಕ್ಷ ಯಾರಿಗೂ ಸಿಕ್ಕಿಲ್ಲ! ಬ್ಯಾಚಿನಲ್ಲಿ ಎಷ್ಟು ಜನ, ವರದಿಯಲ್ಲಿ ಎಷ್ಟು ಜನ? "ಪ್ಲೇಸ್‌ಮೆಂಟಿಗೆ ಅರ್ಹರಾದವರಲ್ಲಿ ನೂರಕ್ಕೆ ನೂರು" ಎಂದಿದ್ದರೆ, ಅರ್ಹರಲ್ಲದವರು ಎಷ್ಟು ಎಂದು ಕೇಳಿ. ಪ್ಯಾಕೇಜಿನಲ್ಲಿ ಸೇರುವಾಗ ಒಮ್ಮೆ ಕೊಡುವ ಬೋನಸ್, ಕೆಲಸ ನೋಡಿ ಕೊಡುವ ಬದಲಾಗುವ ಸಂಬಳ, ಗ್ರಾಚ್ಯುಟಿ ಎಲ್ಲ ಸೇರಿರುತ್ತದೆ. ನಿಮ್ಮ ಕಂತು ಕಟ್ಟುವುದು ತಿಂಗಳ ಮೊದಲ ದಿನ ಅಕೌಂಟಿಗೆ ಬೀಳುವ ದುಡ್ಡಿನಿಂದ. ಬೇರೆ ಯಾವುದರಿಂದಲೂ ಅಲ್ಲ.

ಆಮೇಲೆ ಲಿಂಕ್ಡ್‌ಇನ್. ಕಾಲೇಜಿನ ಹೆಸರು ಹಾಕಿ, ಎರಡರಿಂದ ಐದು ವರ್ಷದ ಹಿಂದೆ ಹೊರಬಂದವರನ್ನು ಹುಡುಕಿ. ಈಗ ತಾನೆ ಸೇರಿದವರು ಬೇಡ, ಅವರಿಗೆ ಎಲ್ಲವೂ ಚೆಂದ. ಪ್ಲೇಸ್‌ಮೆಂಟ್ ಕಮಿಟಿಯವರೂ ಬೇಡ, ಕಾಲೇಜನ್ನು ಹೊಗಳುವುದೇ ಅವರ ಕೆಲಸ. ನಿಮ್ಮ ಹಾಗೇ ಡಿಗ್ರಿ ಮಾಡಿದ, ನಿಮ್ಮಷ್ಟೇ ಅನುಭವ ಇರುವ ಮೂರು ನಾಲ್ಕು ಜನರಿಗೆ ಚಿಕ್ಕ ಮೆಸೇಜ್ ಹಾಕಿ. "ಕಾಲೇಜು ಹೇಗಿದೆ" ಎಂದು ಕೇಳಬೇಡಿ, "ಚೆನ್ನಾಗಿದೆ" ಎಂದು ಉತ್ತರ ಬರುತ್ತದೆ. "ಈ ಕೆಲಸಕ್ಕೆ ನಿಮ್ಮ ಬ್ಯಾಚಿನಿಂದ ಎಷ್ಟು ಜನರನ್ನು ತೆಗೆದುಕೊಂಡರು, ಶಾರ್ಟ್‌ಲಿಸ್ಟ್ ಮಾಡುವಾಗ ಏನು ನೋಡಿದರು" ಎಂದು ಕೇಳಿ. ಹತ್ತನೇ ತರಗತಿಯ ಅಂಕ ನೋಡಿ ಶಾರ್ಟ್‌ಲಿಸ್ಟ್ ಮಾಡುವ ಕಂಪನಿಗಳೂ ಇವೆ. ಅದು ಎಂಬಿಎ ಸೇರುವ ಮೊದಲೇ ನಿರ್ಧಾರವಾಗಿ ಹೋಗಿರುತ್ತದೆ.

ಹುಡುಗ ಆರು ಜನರಿಗೆ ಬರೆದ. ಮೂವರು ಉತ್ತರ ಕೊಟ್ಟರು. ಒಬ್ಬಾಕೆ ಫೋನ್ ಮಾಡಿ ಇಪ್ಪತ್ತು ನಿಮಿಷ ಮಾತಾಡಿದಳು. ಆ ಸೋಪಿನ ಕಂಪನಿ ಕೊನೆಯ ಸಲ ಬಂದದ್ದು ಎರಡು ವರ್ಷದ ಹಿಂದೆ, ಅದೂ ಬೇಸಿಗೆ ಇಂಟರ್ನ್‌ಶಿಪ್‌ಗೆ ಒಬ್ಬರನ್ನು ತೆಗೆದುಕೊಳ್ಳಲು. ಬ್ರೋಷರಿನಲ್ಲಿದ್ದದ್ದು ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಬಾಗಿಲು.

ಐದನೇ ಹೆಜ್ಜೆ: ಬ್ಯಾಂಕಿಗೆ ಹೋಗಿ, ಸೀಟು ಒಪ್ಪಿಕೊಳ್ಳುವ ಮುಂಚೆ

ಬಹಳ ಜನ ಸೀಟಿಗೆ ದುಡ್ಡು ಕಟ್ಟಿ ಆಮೇಲೆ ಬ್ಯಾಂಕಿಗೆ ಹೋಗುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ರ‍್ಯಾಂಕಿನಿಂದ ನಿಜವಾದ, ಕೈಗೆ ಸಿಗುವ ಲಾಭ ಇರುವುದು ಬ್ಯಾಂಕಿನ ಟೇಬಲ್ ಮೇಲೆ.

ಬ್ಯಾಂಕುಗಳ ಮಾಮೂಲಿ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಅಡವು ಬೇಡ. 4ರಿಂದ ಏಳೂವರೆ ಲಕ್ಷದವರೆಗೆ ಕೆಲವು ಬ್ಯಾಂಕುಗಳು ಇನ್ನೊಬ್ಬರ ಜಾಮೀನು ಕೇಳುತ್ತವೆ. ಅದಕ್ಕೂ ಮೇಲೆ ಹೋದರೆ ಆಸ್ತಿ ಅಡವು ಇಡಬೇಕು. ಇಲ್ಲಿ ನಮ್ಮವರಿಗೆ ಒಂದು ವಿಶೇಷ ತೊಂದರೆ. ಊರಿನ ಜಮೀನಿನ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ, ಪಾಲು ಆಗಿಲ್ಲ. ಆಗಿದ್ದರೂ ಕೃಷಿ ಭೂಮಿಯನ್ನು ಶಿಕ್ಷಣ ಸಾಲಕ್ಕೆ ಹಿಡಿಯಲು ಬ್ಯಾಂಕುಗಳಿಗೆ ಮನಸ್ಸಿಲ್ಲ. ಗಿರಗಾಂವ್, ಪರೇಲ್ ಕಡೆಯ ಪಗಡಿ ಖೋಲಿ (ದೊಡ್ಡ ಮುಂಗಡ ಕೊಟ್ಟು ಕಾಯಂ ಬಾಡಿಗೆಗೆ ಹಿಡಿದ ಹಳೆ ಕೋಣೆ) ಬೆಲೆಯಲ್ಲಿ ಕೋಟಿ ಇರಬಹುದು, ಅಡವಿಡಲು ಹೋದರೆ ಕಾಗದ ನಿಮ್ಮ ಹೆಸರಿನಲ್ಲಿ ಇರುವುದಿಲ್ಲ. ಉಳಿದದ್ದು ಡೊಂಬಿವ್ಲಿ, ಕಲ್ಯಾಣ್, ವಸಾಯಿಯ ಫ್ಲ್ಯಾಟ್. ಅದರ ಮೇಲೆ ಆಗಲೇ ಮನೆ ಸಾಲ ಇರುತ್ತದೆ.

ಬ್ಯಾಂಕ್ ಮೇಲ್ದರ್ಜೆಯವು ಎಂದು ಮಾಡಿಕೊಂಡ ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಅಡವಿಲ್ಲದೆ, ಕಡಿಮೆ ಬಡ್ಡಿಗೆ ದೊಡ್ಡ ಮೊತ್ತ ಸಿಗುತ್ತದೆ. ಪ್ರತಿ ಬ್ಯಾಂಕಿಗೂ ತನ್ನದೇ ಪಟ್ಟಿ ಇದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯೂ ಎನ್‌ಐಆರ್‌ಎಫ್ ರ‍್ಯಾಂಕನ್ನೇ ಹಿಡಿದು ಮಾಡಿದ್ದು. ಅದರ ಪಟ್ಟಿಯ ಸಂಸ್ಥೆಯಲ್ಲಿ ಮೆರಿಟ್ ಮೇಲೆ ಸೀಟು ಸಿಕ್ಕಿದ್ದರೆ ಅಡವೂ ಬೇಡ, ಜಾಮೀನೂ ಬೇಡ. ಮನೆಯ ವರ್ಷದ ಆದಾಯ 8 ಲಕ್ಷದೊಳಗೆ ಇದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಕಂತಿನ ಬಿಡುವಿನ ಅವಧಿಯಲ್ಲಿ 3 ಪರ್ಸೆಂಟ್ ಬಡ್ಡಿ ಸರ್ಕಾರದ್ದು. ಎರಡೂ ಕಾಲೇಜು ಈ ಪಟ್ಟಿಯಲ್ಲಿ ಇವೆಯೋ, ಒಂದೇ ಇದೆಯೋ ನೋಡಿ. ಒಂದೇ ಇದ್ದರೆ ಎರಡನೇ ಹೆಜ್ಜೆಯ ಲೆಕ್ಕವನ್ನು ಹೊಸ ಬಡ್ಡಿಯಲ್ಲಿ ಮತ್ತೆ ಮಾಡಿ. ಕೆಲವೊಮ್ಮೆ ತಲೆಕೆಳಗಾಗುತ್ತದೆ. ಹಾಗೇ, ಬ್ಯಾಂಕ್ ಯಾವ ಕಾಲೇಜಿಗೆ ಅಡವಿಲ್ಲದೆ ಕೊಡಲು ಹಿಂದೆಮುಂದೆ ನೋಡುತ್ತದೋ ಆ ಕಾಲೇಜಿನ ಹಳೆಯ ಹುಡುಗರು ಸಾಲ ಹೇಗೆ ತೀರಿಸಿದ್ದಾರೆ ಎನ್ನುವುದನ್ನೂ ಊಹಿಸಬಹುದು.

ಆರನೇ ಹೆಜ್ಜೆ: ಊರು, ರೈಲು, ಮೂರನೇ ದಾರಿ

ಊರು ಎಷ್ಟು ಮುಖ್ಯ? ಫೈನಾನ್ಸ್ ಬೇಕಾದವರಿಗೆ ಮುಂಬೈ ಸ್ವಲ್ಪ ಜಾಸ್ತಿ ಮುಖ್ಯ. ರಿಸರ್ವ್ ಬ್ಯಾಂಕ್, ಷೇರು ವ್ಯವಹಾರ ನಿಯಂತ್ರಿಸುವ ಸೆಬಿ, ಎರಡೂ ದೊಡ್ಡ ಷೇರು ಪೇಟೆಗಳ ಮುಖ್ಯ ಕಚೇರಿ ಇಲ್ಲೇ. ಓದುವಾಗಲೇ ಕಂಪನಿಗಳಿಗೆ ಪ್ರಾಜೆಕ್ಟ್ ಮಾಡಿಕೊಡಬಹುದು, ಸಂಜೆ ಆಫೀಸು ಮುಗಿಸಿ ಪಾಠ ಹೇಳಲು ಬರುವವರು ಸಿಗುತ್ತಾರೆ. ಕಾರ್ಖಾನೆ, ಸಪ್ಲೈ ಚೈನ್ ಕಡೆ ಮನಸ್ಸಿದ್ದರೆ ಚಾಕಣ್, ಪಿಂಪ್ರಿ ಚಿಂಚವಡ ಇರುವ ಪುಣೆ ಏನೂ ಕಡಿಮೆಯಲ್ಲ. ಗೋವಾ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ 1993ರಿಂದ ಇದೆ, ಕ್ಯಾಂಪಸ್ ಇರುವುದು ಸಾಂಕಳಿಯ ಗುಡ್ಡದ ಮೇಲೆ. ಸಮುದ್ರ ನೋಡಲು ಹೋಗುವುದಾದರೆ ಮೊದಲೇ ಹೇಳಿಬಿಡುತ್ತೇನೆ, ಬೀಚ್ ಅಲ್ಲಿಂದ ದೂರ.

ಮುಂಬೈ ಮನೆಯವರು ಒಂದು ತಪ್ಪು ಲೆಕ್ಕ ಹಾಕುತ್ತಾರೆ: "ಮನೆಯಿಂದ ಹೋಗಿ ಬಂದರೆ ಹಾಸ್ಟೆಲ್ ಖರ್ಚು ಉಳಿಯಿತು." ಡೊಂಬಿವ್ಲಿಯಿಂದ ಘಾಟ್ಕೋಪರ್‌ವರೆಗೆ ಲೋಕಲ್, ಅಲ್ಲಿಂದ ಮೆಟ್ರೋದಲ್ಲಿ ಅಂಧೇರಿ, ಅಲ್ಲಿಂದ ರಿಕ್ಷಾ. ಬಿಸಿನೆಸ್ ಸ್ಕೂಲಿನ ಗುಂಪು ಅಸೈನ್‌ಮೆಂಟ್ ರಾತ್ರಿ ಹತ್ತಕ್ಕೆ ಶುರುವಾಗಿ ಎರಡಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಕೊನೆಯ ಲೋಕಲ್ ಕೂಡ ಕಾರ್‌ಶೆಡ್ ಸೇರಿರುತ್ತದೆ. ಹಾಸ್ಟೆಲ್ ಲೆಕ್ಕದಲ್ಲಿ ಇರಲಿ.

ಮೂರನೇ ದಾರಿ ಅಂದದ್ದು ಸರ್ಕಾರಿ ಮತ್ತು ವಿಶ್ವವಿದ್ಯಾಲಯದ ವಿಭಾಗಗಳು. ಚರ್ಚ್‌ಗೇಟಿನ ಜಮನಾಲಾಲ್ ಬಜಾಜ್ ಸಂಸ್ಥೆ 1965ರಿಂದ ಮುಂಬೈ ವಿಶ್ವವಿದ್ಯಾಲಯದ ವಿಭಾಗವಾಗಿ ನಡೆಯುತ್ತಿದೆ. ಹೆಸರು ದೊಡ್ಡದು, ಫೀಸು ದೊಡ್ಡ ಖಾಸಗಿ ಕಾಲೇಜುಗಳಿಗಿಂತ ತುಂಬ ಕಡಿಮೆ. ಸಿಡನಹ್ಯಾಮ್‌ನ ಮ್ಯಾನೇಜ್‌ಮೆಂಟ್ ಸಂಸ್ಥೆ, ಪುಣೆ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ವಿಭಾಗ ಪೂಂಬಾ ಇದೇ ಸಾಲಿನವು. ಮಹಾರಾಷ್ಟ್ರ ಸಿಇಟಿ ಬರೆದಿದ್ದು ಒಳ್ಳೆ ಪರ್ಸೆಂಟೈಲ್ ಇದ್ದರೆ ಕೌನ್ಸೆಲಿಂಗ್ ಸುತ್ತು ಮುಗಿಯುವವರೆಗೆ ಕಾಯುವುದು ಲಾಭ. ಅಲ್ಲಿ ಒಂದು ಎಚ್ಚರಿಕೆ: ಕರ್ನಾಟಕದಿಂದ ವಲಸೆ ಬಂದವರ ಕರ್ನಾಟಕದ ಜಾತಿ ಪ್ರಮಾಣಪತ್ರಕ್ಕೆ ಮಹಾರಾಷ್ಟ್ರದ ಮೀಸಲಾತಿ ಸಿಗುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದವರು ಡೊಮಿಸೈಲ್ (ಈ ರಾಜ್ಯದ ನಿವಾಸಿ ಎನ್ನುವ) ಕಾಗದ ತಿಂಗಳುಗಳ ಮುಂಚೆಯೇ ಮಾಡಿಸಿಡಿ. ತಹಸೀಲ್ದಾರ್ ಕಚೇರಿ ನಿಮ್ಮ ಡೆಡ್‌ಲೈನ್ ನೋಡಿ ಓಡುವುದಿಲ್ಲ.

ವಿದೇಶದ ಆಫರ್ ಕೈಯಲ್ಲಿರುವವರಿಗೆ ಇದೇ ಲೆಕ್ಕ, ಎರಡು ಸಾಲು ಹೆಚ್ಚು: ರೂಪಾಯಿ ಬಿದ್ದರೆ ಎರಡನೇ ವರ್ಷದ ಫೀಸು ತಾನಾಗಿ ಏರುತ್ತದೆ, ಓದು ಮುಗಿದ ಮೇಲೆ ಕೆಲಸ ಮಾಡಲು ವೀಸಾ ಎಷ್ಟು ಕಾಲ ಸಿಗುತ್ತದೆ. ಮುಂಬೈನಲ್ಲೇ ಇರುವ ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಇಂಥವರಿಗೆ ಸಾಲದ ರೂಪದ ಸ್ಕಾಲರ್‌ಶಿಪ್ ಕೊಡುತ್ತಿದೆ. ಕೆ.ಸಿ. ಮಹೀಂದ್ರಾ ಟ್ರಸ್ಟ್ ಬಡ್ಡಿಯಿಲ್ಲದ ಸಾಲ ಕೊಡುತ್ತದೆ. ಎರಡಕ್ಕೂ ಅರ್ಜಿ ತುಂಬಾ ಮುಂಚೆ ಹಾಕಬೇಕು.

ಏಳನೇ ಹೆಜ್ಜೆ: ಬಾಯಿಬಿಟ್ಟು ಕೇಳಿ

ನಮ್ಮವರಿಗೆ ತರಕಾರಿಗೆ ಚೌಕಾಶಿ ಮಾಡಲು ಬರುತ್ತದೆ, ಕಾಲೇಜಿಗೆ ಬರೆಯಲು ಸಂಕೋಚ. ಮೇಲಿನ ರ‍್ಯಾಂಕಿನ ಕಾಲೇಜಿಗೆ ಒಂದು ಇಮೇಲ್ ಬರೆಯಿರಿ. ಸೇರಲು ಮನಸ್ಸಿದೆ, ಬೇರೆ ಕಡೆ ಇಷ್ಟು ಮಾಫಿ ಸಿಕ್ಕಿದೆ, ಮನೆಯ ಆದಾಯ ಇಷ್ಟು, ಆರ್ಥಿಕ ನೆರವು ಏನಾದರೂ ಸಾಧ್ಯವೇ, ಇಲ್ಲವಾದರೆ ಡೆಪಾಸಿಟ್ ಕಟ್ಟಲು ಒಂದು ವಾರ ಕೊಡುತ್ತೀರಾ. ಐದಾರು ಸಾಲು ಸಾಕು. ನಮ್ಮ ದೇಶದ ಕಾಲೇಜುಗಳು ಸಾಮಾನ್ಯವಾಗಿ ಫೀಸು ಇಳಿಸುವುದಿಲ್ಲ. ಆದರೆ ಆದಾಯ ನೋಡಿ ಕೊಡುವ ನೆರವು ಬಹಳ ಕಡೆ ಇದೆ. ಅದನ್ನು ಸೇರಿದ ಮೇಲೆ ಮಾತ್ರ ಹೇಳುತ್ತಾರೆ. ಮುಂಚೆಯೇ ಕೇಳಿ.

ಸ್ಕಾಲರ್‌ಶಿಪ್ ಕೊಟ್ಟ ಕಾಲೇಜಿಗೂ ಬರೆಯಿರಿ. ಮೊತ್ತ ಹೆಚ್ಚು ಮಾಡಿ ಎನ್ನುವುದಕ್ಕಿಂತ ಷರತ್ತು ಸಡಿಲ ಮಾಡಿ ಎಂದು ಕೇಳಿ. ನಮ್ಮ ಹುಡುಗನ ಪತ್ರದಲ್ಲೂ "ಬ್ಯಾಚಿನ ಮೊದಲ 30 ಪರ್ಸೆಂಟ್" ಎಂದೇ ಇತ್ತು. ನೋಡಿ ನನಗೆ ಮೈ ಉರಿಯಿತು. ರ‍್ಯಾಂಕಿನ ಬದಲು ಸಿಜಿಪಿಎ ಷರತ್ತು ಮಾಡಬಹುದೇ ಎಂದು ಬರೆಸಿದೆ. ನಾಲ್ಕನೇ ದಿನ ಉತ್ತರ ಬಂತು, ಆಗಬಹುದು ಎಂದು. ಹೊಸ ಪತ್ರವನ್ನೂ ಕಳಿಸಿದರು. ಕೇಳದಿದ್ದರೆ ಯಾರೂ ಕೊಡುತ್ತಿರಲಿಲ್ಲ.

ಜೊತೆಗೆ ನಮ್ಮ ಸಂಘಗಳು. 1911ರ ಕೆನರಾ ಸಾರಸ್ವತ್ ಅಸೋಸಿಯೇಷನ್, 1927ರ ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್ ಹೀಗೆ ಮುಂಬೈನ ಸಮುದಾಯ ಸಂಸ್ಥೆಗಳು ಓದುವ ಮಕ್ಕಳಿಗೆ ನೆರವು ಕೊಡುತ್ತಾ ಬಂದಿವೆ. ಮೊತ್ತ ಫೀಸಿನ ಮುಂದೆ ಚಿಕ್ಕದು ಅನ್ನಿಸಬಹುದು, ಲ್ಯಾಪ್‌ಟಾಪ್ ಖರ್ಚು ಬಂದರೂ ಬಂತಲ್ಲ. ಅಪ್ಪ ಅಮ್ಮ ಸದಸ್ಯರಾಗಿದ್ದಾರೋ ಇಲ್ಲವೋ ನೋಡಿ.

ಎಂಟನೇ ಹೆಜ್ಜೆ: ಡೆಪಾಸಿಟ್ ಮತ್ತು ವಾಪಸಾತಿ

ಎರಡೂ ಕಡೆ ಸೀಟು ಹಿಡಿದಿಡಬೇಕಾಗಿ ಬಂದರೆ ಹೆದರಬೇಡಿ, ಆದರೆ ನಿಯಮ ತಿಳಿದಿರಲಿ. ತಾಂತ್ರಿಕ ಮತ್ತು ಮ್ಯಾನೇಜ್‌ಮೆಂಟ್ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇಯ ಮಾನ್ಯತೆ ಇರುವ ಕಾಲೇಜಿನಲ್ಲಿ ಕೋರ್ಸ್ ಶುರುವಾಗುವ ಮುಂಚೆ ಸೀಟು ಬಿಟ್ಟರೆ 1,000 ರೂಪಾಯಿಗಿಂತ ಹೆಚ್ಚು ಹಿಡಿಯದೆ ಮಿಕ್ಕದ್ದನ್ನು ಹಿಂದಿರುಗಿಸಬೇಕು. ಮೂಲ ಅಂಕಪಟ್ಟಿಗಳನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ. ಸೀಟು ಬಿಡುವುದನ್ನು ಇಮೇಲ್‌ನಲ್ಲೇ ತಿಳಿಸಿ. ಬರೀ ಫೋನ್ ಮಾಡಿ ಬಿಟ್ಟೆ ಅಂದರೆ ತಾರೀಖಿನ ಜಗಳ ಶುರುವಾಗುತ್ತದೆ. ಬ್ಯಾಂಕ್ ಅಕೌಂಟ್ ವಿವರ, ರಸೀದಿಯ ಪ್ರತಿ ಅದೇ ಇಮೇಲ್‌ನಲ್ಲಿ ಹಾಕಿ.

ಹುಡುಗ ಮುಂಬೈಗೆ ಡೆಪಾಸಿಟ್ ಕಟ್ಟಿದ್ದ, ಪುಣೆಯಿಂದ ಹೊಸ ಪತ್ರ ಬರುವವರೆಗೆ ಕೈಯಲ್ಲಿ ಇರಲಿ ಎಂದು. ಪತ್ರ ಬಂದ ಸಂಜೆಯೇ ಮುಂಬೈ ಸೀಟು ಬಿಟ್ಟ. ದುಡ್ಡು ವಾಪಸ್ ಬರಲು ಏಳು ವಾರ, ಮೂರು ಇಮೇಲ್ ಬೇಕಾಯಿತು. ಮೂರನೆಯದರಲ್ಲಿ ಎಐಸಿಟಿಇ ನಿಯಮದ ಸಾಲನ್ನು ಹಾಗೇ ಹಾಕಿದ್ದೆವು. 1,000 ಕಳೆದು ಮಿಕ್ಕದ್ದು ಬಂತು. ಅಷ್ಟರಲ್ಲಿ ಅವನು ಪುಣೆಯ ಹಾಸ್ಟೆಲಿನಿಂದ ಫೋನ್ ಮಾಡಿ, ಮೊದಲ ಕ್ವಿಜ್‌ನಲ್ಲಿ ಬ್ಯಾಚಿನ 61ನೆಯವನು ಎಂದು ಹೇಳಿ ಆಗಿತ್ತು.

"ಸಿಜಿಪಿಎ ಎಷ್ಟು ಬೇಕಂತೆ?" ಎಂದೆ.

"ಅದು ಬರುತ್ತೆ ಚಿಕ್ಕಮ್ಮ," ಎಂದ.